ಕೇಳಿ, ಹೇಳ್ತೇವೆ: ಗುಳೆ ಹೋದವರ ಮತ ಯಾವ ಲೆಕ್ಕಕ್ಕೆ?

ಮತದಾನ, ಜನಗಣತಿ, ವಲಸೆ ಕುರಿತು ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ಮೂರು ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಬಾಗಲಕೋಟೆ ಜಿಲ್ಲೆ ಒಮ್ಮೆ ಪೂರ್ತಿ ಒಂದು ಪಕ್ಷಕ್ಕೆ ಹೋಗುತ್ತದೆ, ಮರುಸಲ ಇನ್ನೊಂದಕ್ಕೆ. ದುಡಿಯಲು ಹೊರಗೆ ಹೋಗುವವರು ಹೆಚ್ಚಾಗಿದ್ದೇ ಇದಕ್ಕೆ ಕಾರಣವೇ? (ಜಮಖಂಡಿಯ ಓದುಗರು)

ಇಷ್ಟು ದೊಡ್ಡ ಏರಿಳಿತಕ್ಕೆ ವಲಸೆ ಕಾರಣವಾಗುವುದಿಲ್ಲ. ಜಿಲ್ಲೆಯ ಏಳು ವಿಧಾನಸಭೆ ಸ್ಥಾನಗಳನ್ನೇ ನೋಡಿ. 2008ರಲ್ಲಿ ಏಳೂ ಬಿಜೆಪಿಗೆ. 2013ರಲ್ಲಿ ಕಾಂಗ್ರೆಸ್‌ಗೆ ಆರು, ಬಿಜೆಪಿಗೆ ಮುಧೋಳ ಒಂದೇ. 2018ರಲ್ಲಿ ಬಿಜೆಪಿಗೆ ಐದು, 2023ರಲ್ಲಿ ಎರಡು. ಇತ್ತ ಜಿಲ್ಲೆಯ ಜನಸಂಖ್ಯೆ 2001ರಿಂದ 2011ರವರೆಗಿನ ಇಡೀ ದಶಕದಲ್ಲಿ ಬೆಳೆದದ್ದು ಶೇ. 14.4. ಜನರ ಸ್ವರೂಪ ಬದಲಾಗಲು ಹತ್ತಿಪ್ಪತ್ತು ವರ್ಷ ಬೇಕು. ಸ್ಥಾನಗಳು ಐದೇ ವರ್ಷಕ್ಕೆ ಪಲ್ಟಿ ಹೊಡೆಯುತ್ತವೆ. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿ, ಶ್ರೀರಾಮುಲು ಅವರ ಬಿಎಸ್ಆರ್ ಕಾಂಗ್ರೆಸ್ ಎರಡೂ ಬಿಜೆಪಿಯ ಮತವನ್ನು ಹರಿದು ಹಂಚಿದವು. ಆ ಫಲಿತಾಂಶ ಓದಲು ಜನಗಣತಿಯ ಪುಸ್ತಕ ತೆರೆಯಬೇಕಾಗಿಲ್ಲ.

ವಲಸೆಯ ಪರಿಣಾಮ ಕಾಣುವುದು ಅಂತರ ಸಣ್ಣದಿದ್ದಲ್ಲಿ. 2018ರಲ್ಲಿ ಬಾದಾಮಿಯಲ್ಲಿ ಸಿದ್ದರಾಮಯ್ಯ ಗೆದ್ದದ್ದು 1,696 ಮತಗಳಿಂದ. ಕ್ಷೇತ್ರವೊಂದಕ್ಕೆ 250ರ ಆಸುಪಾಸು ಬೂತ್ ಎಂದು ಹಿಡಿದರೆ ಬೂತಿಗೆ ಏಳು ಮತ ಕೂಡ ಆಗಲಿಲ್ಲ. ಎರಡು ಮನೆಯವರು ಗೋವಾದಿಂದ ಬರದೇ ಹೋದರೆ ಆ ಏಳು ಮತ ಹೋದಂತೆಯೇ. ಆದರೆ ಬರದೇ ಉಳಿದವರೆಲ್ಲ ಒಂದೇ ಪಕ್ಷದವರಾಗಿದ್ದರೆ ಮಾತ್ರ ಫಲಿತಾಂಶ ತಿರುಗುತ್ತದೆ. ಗುಳೆ ಹೋಗುವವರು ಕೆಲವೇ ಸಮುದಾಯ, ಕೆಲವೇ ತಾಂಡಾ, ಕೆಲವೇ ಒಣಬೇಸಾಯದ ಊರುಗಳವರಾದ್ದರಿಂದ ಅದೂ ಆಗುವುದುಂಟು.

ನಿಧಾನವಾಗಿ ನಡೆಯುವ ಬದಲಾವಣೆಗಳು ಬೇರೆ. ಈ ಸಲ 18ರಿಂದ 22ರೊಳಗೆ ಇರುವ ಯಾರೂ ಹಿಂದಿನ ವಿಧಾನಸಭೆ ಚುನಾವಣೆಯಲ್ಲಿ ಮತದಾರರಾಗಿರಲಿಲ್ಲ. ಇನ್ನೊಂದು, ವಲಸೆ ಎಂದೊಡನೆ ನಾವು ಗಂಟು ಹೊತ್ತ ಗಂಡಸನ್ನು ಕಲ್ಪಿಸಿಕೊಳ್ಳುತ್ತೇವೆ. ಜನಗಣತಿಯ ವಲಸೆ ಕೋಷ್ಟಕದಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣ ಮದುವೆ. ಸೊಸೆಯ ಹೆಸರು ತವರಿನ ಪಟ್ಟಿಯಲ್ಲೇ ಉಳಿದರೆ ಎರಡೂ ಊರಿನ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ನಮ್ಮ ತಾಂಡಾದಾಗ ದಸರಾ ಮುಗಿದ ಮ್ಯಾಲೆ ಅರ್ಧಾ ಮಂದಿ ಕಬ್ಬು ಕಡಿಯಾಕ ಹೋಗ್ತಾರ್ರಿ. ಉಳಿದವರು ರತ್ನಾಗಿರಿ, ಗೋವಾ. ಲಿಸ್ಟಿನ್ಯಾಗ ಹೆಸರು ಎಲ್ಲಿ ಇಡಬೇಕ್ರಿ? ತಗದ್ರ ಏನ್ ಮಾಡೂದು? (ಇಂಡಿ ತಾಲ್ಲೂಕಿನ ಓದುಗರು)

ಮೊದಲು ಕಾಲದ ಲೆಕ್ಕ ನೋಡೋಣ. ಕಬ್ಬಿನ ಗ್ಯಾಂಗ್ ಹೋಗುವುದು ಅಕ್ಟೋಬರ್–ನವೆಂಬರಿಗೆ, ವಾಪಸಾಗುವುದು ಮಾರ್ಚ್–ಏಪ್ರಿಲ್‌ಗೆ. ಇತ್ತೀಚಿನ ಮೂರು ವಿಧಾನಸಭೆ ಚುನಾವಣೆಗಳೂ ಮೇ ತಿಂಗಳಲ್ಲೇ ನಡೆದಿವೆ (5 ಮೇ 2013, 12 ಮೇ 2018, 10 ಮೇ 2023), ಅಷ್ಟರಲ್ಲಿ ಗ್ಯಾಂಗ್ ಊರಲ್ಲಿರುತ್ತದೆ. ಗೋವಾ, ರತ್ನಾಗಿರಿಯ ಗಾರೆ ಕೆಲಸದವರದು ತದ್ವಿರುದ್ಧ: ಅವರು ತಿರುಗಿ ಬರುವುದು ಜೂನ್‌ನ ಮಿರಗದ ಮಳೆಗೆ, ಬಿತ್ತಿಗೆ. ಮೇ ತಿಂಗಳಲ್ಲಿ ಊರಲ್ಲಿ ಇರುವುದಿಲ್ಲ. ಗ್ರಾಮ ಪಂಚಾಯಿತಿಗೆ ಬಂದರೆ 2020ರಲ್ಲಿ ಮತದಾನ ನಡೆದದ್ದು ಡಿಸೆಂಬರ್ 22 ಮತ್ತು 27ಕ್ಕೆ, ಕಬ್ಬು ಕಟಾವು ಭರದಲ್ಲಿದ್ದಾಗ. ಕೆಲವೇ ನೂರು ಮತದ ವಾರ್ಡಿನಲ್ಲಿ ಒಂದು ಗ್ಯಾಂಗ್ ಇಲ್ಲದಿದ್ದರೆ ಸದಸ್ಯನೇ ಬೇರೆ. ಶಾಸಕರ ಚುನಾವಣೆಯನ್ನಷ್ಟೇ ನೋಡುವವರಿಗೆ ಇದು ಕಾಣುವುದಿಲ್ಲ.

ಕಾನೂನು ಏನು ಹೇಳುತ್ತದೆ? ಪ್ರಜಾಪ್ರತಿನಿಧಿ ಕಾಯ್ದೆ 1950ರ 19 ಮತ್ತು 20ನೇ ಕಲಂ ಪ್ರಕಾರ ಮತದಾರ ಆ ಕ್ಷೇತ್ರದ ‘ಸಾಮಾನ್ಯ ನಿವಾಸಿ’ ಆಗಿರಬೇಕು. ಊರಲ್ಲಿ ಮನೆಯಿದೆ ಎಂಬ ಒಂದೇ ಕಾರಣಕ್ಕೆ ಸಾಮಾನ್ಯ ನಿವಾಸಿ ಆಗುವುದಿಲ್ಲ; ಹಾಗೆಯೇ ತಾತ್ಕಾಲಿಕವಾಗಿ ಹೊರಗಿದ್ದ ಮಾತ್ರಕ್ಕೆ ಆ ಹಕ್ಕು ಹೋಗುವುದೂ ಇಲ್ಲ. ಆದ್ದರಿಂದ ಹಂಗಾಮಿಗೆ ಹೋಗಿ ಬರುವವರು ತಾಂಡಾದಲ್ಲೇ ಹೆಸರು ಇಟ್ಟುಕೊಳ್ಳಲಿ. ಹೆಂಡತಿ ಮಕ್ಕಳ ಸಮೇತ ಅಲ್ಲೇ ನೆಲೆಸಿ, ಮಕ್ಕಳನ್ನು ಅಲ್ಲಿನ ಶಾಲೆಗೆ ಹಾಕಿದವರು ಅಲ್ಲಿಗೇ ವರ್ಗಾಯಿಸಿಕೊಳ್ಳುವುದು ಸರಿ. ಎರಡೂ ಕಡೆ ಇಡುವಂತಿಲ್ಲ (17ನೇ ಕಲಂ). ಅರ್ಜಿಯಲ್ಲಿ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ವರ್ಗಾವಣೆಗೆ ಫಾರ್ಮ್ 8. ಫಾರ್ಮ್ 6 ಹೊಸದಾಗಿ ಸೇರುವವರಿಗೆ ಮಾತ್ರ. 2022ರ ಆಗಸ್ಟ್‌ನಿಂದ ಹೀಗೆ. ಹಳೆಯ ರೂಢಿಯಲ್ಲಿ ಫಾರ್ಮ್ 6 ತುಂಬಿದವರ ಹೆಸರೇ ಎರಡೆರಡು ಕಡೆ ಕಾಣಿಸಿಕೊಳ್ಳುವುದು. ವಿಳಾಸಕ್ಕೆ ಆಧಾರ್, ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಒಂದು ವರ್ಷದಿಂದ ಇರುವ ಕರೆಂಟ್, ನೀರು ಅಥವಾ ಗ್ಯಾಸ್ ಬಿಲ್ಲು, ನೋಂದಾಯಿತ ಬಾಡಿಗೆ ಕರಾರು, ಇವುಗಳಲ್ಲಿ ಒಂದು ಸಾಕು.

ಹೆಸರು ಹೋಗುವುದು ಹೆಚ್ಚಾಗಿ ಮನೆಬಾಗಿಲಲ್ಲೇ. ಬಿಎಲ್ಒ (ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ) ಬಂದಾಗ ಕೀಲಿ ಹಾಕಿರುತ್ತದೆ, ಇಲ್ಲವೇ ಕಟ್ಟೆಯ ಮೇಲಿನ ಮುದುಕಿ ‘ಅವ್ರು ಇಲ್ರೀ’ ಎನ್ನುತ್ತಾಳೆ, ಪಟ್ಟಿಯಲ್ಲಿ ‘ಸ್ಥಳಾಂತರ’ ಎಂದು ಬೀಳುತ್ತದೆ. ಮನೆಯಲ್ಲಿ ಉಳಿಯುವ ಹಿರಿಯರಿಗೆ ‘ದುಡಿಯಾಕ ಹೋಗ್ಯಾರ, ಮಿರಗಕ್ಕ ಬರ್ತಾರ’ ಎಂದು ಪೂರ್ತಿ ಹೇಳಲು ಕಲಿಸಿ, ಬಿಎಲ್ಒಗೆ ಕೊಡಲು ಫೋನ್ ನಂಬರ್ ಬರೆದಿಟ್ಟು ಹೋಗಿ. ಫಾರ್ಮ್ 7ರಲ್ಲಿ ಬೇರೊಬ್ಬರು ಆಕ್ಷೇಪ ಹಾಕಿ, ಊರು ಬಿಟ್ಟಿದ್ದಾರೆಂದು ಹೆಸರು ತೆಗೆಸುವುದಾದರೂ ನಿಮ್ಮ ಮಾತು ಕೇಳಲು ಅವಕಾಶ ಕೊಡಲೇಬೇಕು; ನೋಟಿಸು ಬಂದರೆ ಬಿಸಾಡಬೇಡಿ. ಕೈಯಲ್ಲಿ ಕಾರ್ಡ್ ಇದ್ದ ಮಾತ್ರಕ್ಕೆ ಮತವಿಲ್ಲ, ಪಟ್ಟಿಯಲ್ಲಿ ಹೆಸರಿರಬೇಕು. ನಾಮಪತ್ರಕ್ಕೆ ಕೊನೆಯ ದಿನ ದಾಟಿದ ಮೇಲೆ ಸೇರಿಸುವುದೂ ಇಲ್ಲ, ತೆಗೆಯುವುದೂ ಇಲ್ಲ. ಅದಕ್ಕೆ ತಿಂಗಳ ಮೊದಲೇ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ನೋಡಿಕೊಳ್ಳಿ.

ಲೋಕಸಭೆ, ವಿಧಾನಸಭೆ ಮತದಾನಕ್ಕೆ ಸಂಬಳ ಸಹಿತ ರಜೆಯನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಕೊಡುತ್ತದೆ, ದಿನಗೂಲಿಯವರಿಗೂ. ಸಿಗುವುದು ಒಂದೇ ದಿನ, ದಾರಿಯ ದಿನಗಳಿಗೆ ಇಲ್ಲ. ತಪ್ಪಿದ ಮಾಲೀಕನಿಗೆ ದಂಡ ₹500ರವರೆಗೆ ಮಾತ್ರ. ಮುಕಾದಮರು (ಗ್ಯಾಂಗಿನ ಮೇಸ್ತ್ರಿಗಳು) ಹೆದರದಿರಲು ಇದೂ ಒಂದು ಕಾರಣ ಇರಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿದ್ದುಕೊಂಡೇ ಸಿಂದಗಿಯ ಮತ ಹಾಕಬಹುದೇ?

ಆಗುವುದಿಲ್ಲ. ಹೊರಗೆ ದುಡಿಯುವವರಿಗೆಂದು ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲಿ 72 ಕ್ಷೇತ್ರಗಳನ್ನು ನಿಭಾಯಿಸುವ ದೂರಮತ ಯಂತ್ರದ ಮಾದರಿ ಮುಂದಿಟ್ಟಿತ್ತು. ಪಕ್ಷಗಳು ಒಪ್ಪಲಿಲ್ಲ. ಅಂಚೆ ಮತ ಸೇನೆಯವರು, ಚುನಾವಣಾ ಕೆಲಸದವರು, 85 ದಾಟಿದವರು ಮುಂತಾದವರಿಗಷ್ಟೆ.

ಪ್ರಶ್ನೆ: ನಮ್ಮ ಬೂತಿನಲ್ಲಿ ಮತದಾನ ಶೇ. 68 ಎಂದರೆ ಉಳಿದವರು ಉದಾಸೀನರೇ? ಬೆಳಗಾವಿಯಲ್ಲಿ ಎಂಇಎಸ್ (ಮಹಾರಾಷ್ಟ್ರ ಏಕೀಕರಣ ಸಮಿತಿ) ಕುಗ್ಗಿದ್ದು ಮರಾಠಿಗರು ಕಡಿಮೆಯಾಗಿದ್ದಕ್ಕೋ? (ಬೆಳಗಾವಿಯ ಓದುಗರು)

ಎರಡಕ್ಕೂ ಉತ್ತರ ಬೂತಿನ ಲೆಕ್ಕದಲ್ಲಿದೆ. ಪಟ್ಟಿಯಲ್ಲಿ 1,000 ಹೆಸರು, ಬಿದ್ದ ಮತ 680 ಎಂದಿಟ್ಟುಕೊಳ್ಳಿ. ಆ ಸಾವಿರದಲ್ಲಿ 150 ಜನ ದೂರದಲ್ಲಿ ದುಡಿಯುತ್ತಿದ್ದು, 40 ಹೆಸರು ತೀರಿಕೊಂಡವರದೋ ಮದುವೆಯಾಗಿ ಹೋದವರದೋ ಆಗಿದ್ದರೆ ಊರಲ್ಲಿದ್ದವರು 810. ಆಗ ಮತದಾನ ಶೇ. 84. ಪಟ್ಟಿ ಶುದ್ಧವಾದ ವರ್ಷ ಒಂದೇ ಒಂದು ಮತ ಹೆಚ್ಚದೆಯೂ ಶೇಕಡಾವಾರು ಏರುತ್ತದೆ. ‘ಜಾಗೃತಿ ಹೆಚ್ಚಿದೆ’ ಎಂದು ಸುದ್ದಿಯಾಗುವುದೂ ಆಗಲೇ.

ಇನ್ನು ಎಂಇಎಸ್. 2013ರಲ್ಲಿ ಬೆಳಗಾವಿ ದಕ್ಷಿಣ, ಖಾನಾಪುರ ಎರಡನ್ನೂ ಗೆದ್ದ ಮಹಾರಾಷ್ಟ್ರ ಏಕೀಕರಣ ಸಮಿತಿ 2018ರಲ್ಲಿ, 2023ರಲ್ಲಿ ಒಂದನ್ನೂ ಗೆಲ್ಲಲಿಲ್ಲ. ಐದು ವರ್ಷದಲ್ಲಿ ಮರಾಠಿ ಮನೆಗಳು ಖಾಲಿಯಾಗಲಿಲ್ಲ, ಮತ ಬೇರೆ ಕಡೆ ಹೋಯಿತು. 2021ರ ಸೆಪ್ಟೆಂಬರ್‌ನಲ್ಲಿ ಮಹಾನಗರ ಪಾಲಿಕೆಗೆ ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ನಡೆದಾಗ 58 ವಾರ್ಡುಗಳಲ್ಲಿ 35 ಬಿಜೆಪಿಗೆ ಹೋದವು. ಭಾಷೆ ನೋಡಿ ಹಾಕುತ್ತಿದ್ದ ಮತದಲ್ಲಿ ದೊಡ್ಡ ಪಾಲು ಚಿಹ್ನೆ ನೋಡಿ ಹಾಕುವ ಮತವಾಯಿತು ಎಂಬುದು ನಮ್ಮ ಓದು.

ನೀವೇ ಪರೀಕ್ಷಿಸಬೇಕೆಂದರೆ ರಾಜ್ಯ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಿಂದ ಎರಡು ಚುನಾವಣೆಗಳ ಫಾರ್ಮ್ 20 ತೆಗೆಯಿರಿ. ಅದರಲ್ಲಿ ಬೂತುವಾರು ಮತಗಳಿವೆ. ಬೂತ್ ಸಂಖ್ಯೆ ನಂಬಿ ಹೋಲಿಸಿದರೆ ಕೆಡುತ್ತದೆ: ಮತದಾರರು ಹೆಚ್ಚಾದ ಬೂತು ಎರಡಾಗಿ ಒಡೆದಾಗ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಶಾಲೆಯ ಹೆಸರು, ಓಣಿಯ ಹೆಸರು ಹಿಡಿದು ಹೊಂದಿಸಿ. ಆಲಮಟ್ಟಿ ಹಿನ್ನೀರಿನ ಊರುಗಳಲ್ಲಿ ಇನ್ನಷ್ಟು ಎಚ್ಚರ ಬೇಕು: ಹಳೇ ಊರಿನ ಒಂದು ಪಾಲು ಪುನರ್ವಸತಿ ಕೇಂದ್ರದಲ್ಲಿ, ಇನ್ನೊಂದು ಪಾಲು ಪರಿಹಾರದ ದುಡ್ಡಿನಲ್ಲಿ ಹೊಲ ಕೊಂಡ ಕಡೆ ಇರಬಹುದು. 2008ಕ್ಕಿಂತ ಹಿಂದಿನದಕ್ಕೆ ಹೋಲಿಸಲೇಬೇಡಿ. ಆ ವರ್ಷ ಕ್ಷೇತ್ರಗಳ ಗಡಿಯೇ ಬದಲಾಯಿತು.

ಪ್ರಶ್ನೆ: ಜನ ಬೆಂಗಳೂರಿಗೆ ಹೋಗುತ್ತಿದ್ದರೆ ನಮ್ಮ ಜಿಲ್ಲೆಗಳ ಶಾಸಕರ ಸಂಖ್ಯೆ ಕಡಿಮೆಯಾಗುತ್ತದೆಯೇ? (ಬಸವನ ಬಾಗೇವಾಡಿಯ ಓದುಗರು)

ಈಗಿನ ಹಂಚಿಕೆ 2001ರ ಜನಗಣತಿಯದು: ಬೆಳಗಾವಿ 18, ವಿಜಯಪುರ 8, ಬಾಗಲಕೋಟೆ 7, ಒಟ್ಟು 33. ಬೆಂಗಳೂರು ನಗರ ಜಿಲ್ಲೆ 28. 2011ರ ಜನಗಣತಿಯಲ್ಲಿ ನಮ್ಮ ಮೂರು ಜಿಲ್ಲೆಗಳವರು 88.47 ಲಕ್ಷ, ಬೆಂಗಳೂರು ನಗರದವರು 96.22 ಲಕ್ಷ. ರಾಜ್ಯದ 6.11 ಕೋಟಿಯನ್ನು 224ರಿಂದ ಭಾಗಿಸಿದರೆ ಸ್ಥಾನಕ್ಕೆ 2.73 ಲಕ್ಷ. ಈ ಅಳತೆಯಲ್ಲಿ ನಮಗೆ 32.4, ಬೆಂಗಳೂರಿಗೆ 35.3. ಅಂದರೆ 2011ರ ಮಟ್ಟಿಗೆ ನಮ್ಮದು ಹೆಚ್ಚೇನೂ ಕುಸಿದಿಲ್ಲ. ವಿಜಯಪುರವಂತೂ ಆ ದಶಕದಲ್ಲಿ ಶೇ. 20.5 ಬೆಳೆದಿತ್ತು, ರಾಜ್ಯದ ಸರಾಸರಿ ಶೇ. 15.6. ಬೆಂಗಳೂರಿಗೆ ಬರಬೇಕಾದ ಏಳು ಸ್ಥಾನ ಹೆಚ್ಚಾಗಿ ಬೆಳವಣಿಗೆ ಕುಂಠಿತವಾದ ಬೇರೆ ಜಿಲ್ಲೆಗಳ ಬಾಬತ್ತು.

ಸಂವಿಧಾನದ 84ನೇ ತಿದ್ದುಪಡಿಯಂತೆ ಸ್ಥಾನಗಳ ಮರುಹಂಚಿಕೆ 2026ರ ನಂತರದ ಮೊದಲ ಜನಗಣತಿಯ ಮೇಲೆ. ಆ ಗಣತಿಯ ಉಲ್ಲೇಖ ದಿನ (ಯಾವ ದಿನಕ್ಕೆ ಇದ್ದ ಜನರನ್ನು ಲೆಕ್ಕ ಹಿಡಿಯುತ್ತಾರೋ ಆ ದಿನ) 1 ಮಾರ್ಚ್ 2027 ಎಂದು ನಿಗದಿಯಾಗಿದೆ. ಅಂದರೆ ಮನೆ ಮನೆ ಎಣಿಕೆ ನಡೆಯುವುದು ಕಬ್ಬಿನ ಹಂಗಾಮಿನ ಕೊನೆಯಲ್ಲಿ. ಎಣಿಕೆಯ ಹೊತ್ತಿಗೆ ಗ್ಯಾಂಗಿನಲ್ಲಿ, ಗಾರೆ ಕೆಲಸದಲ್ಲಿ ಇರುವವರು ಎಲ್ಲಿ ಬರೆಸಿಕೊಳ್ಳುತ್ತಾರೆ ಎಂಬುದರ ಮೇಲೆ ಇಂಡಿ, ಸಿಂದಗಿ, ಬಾಗೇವಾಡಿಯ ತಲೆಎಣಿಕೆ ನಿಂತಿದೆ.