ಯುದ್ಧದ ಊರಿನಿಂದ ಬಂದ ಮಕ್ಕಳಿಗೆ ಟಿ.ಸಿ. ಇಲ್ಲದೆ ಶಾಲೆ ಸಿಗುತ್ತದೆಯೇ?

ಸುಡಾನಿನ ಖಾರ್ತೂಮಿನಿಂದ ಬಂದ ನಿಮ್ಮ ತಂಗಿಯ ಮಕ್ಕಳನ್ನು ಟಿ.ಸಿ. ಬರುವವರೆಗೆ ಪುಣೆಯ ಮನೆಯಲ್ಲೇ ಓದಿಸಬಹುದೇ ಎಂದು ಕೇಳಿದ್ದೀರಿ. ಅಲ್ಲಿ ಶಾಲೆಯ ಬಾಗಿಲೇ ಮುಚ್ಚಿರುವಾಗ ಟಿ.ಸಿ. ಬರೆದುಕೊಡುವವರು ಯಾರು? ಹೀಗೆ ಕಾದು ಕೆಟ್ಟವನು ನಾನು.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ನಾನು ಅಲ್ಲಿ ಲೆಕ್ಕಪತ್ರ ಬರೆಯುತ್ತಿದ್ದೆ. ಮಗಳು ಆರನೆಯ ತರಗತಿ, ಬೇಸಿಗೆ ರಜೆಯಲ್ಲಿದ್ದಳು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ಹಾದು ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಬಂದಿಳಿದೆವು. ಹಾಗೆ ಬಂದವರು ಸುಮಾರು 1,70,000 ಜನ. ಹೆಂಡತಿ ಬಂಗಾರವನ್ನು ಲಂಗದ ಅಂಚಿಗೆ ಹೊಲಿದುಕೊಂಡಿದ್ದಳು, ಮದುವೆಯ ಆಲ್ಬಮ್ಮನ್ನೂ ಬಿಟ್ಟಿರಲಿಲ್ಲ. ಮಗಳ ಅಂಕಪಟ್ಟಿ ಮಾತ್ರ ಕಪಾಟಿನಲ್ಲೇ ಉಳಿಯಿತು.

ಚೆಂಬೂರಿನಲ್ಲಿ ಭಾವಮೈದುನನ ಮನೆ. ಹತ್ತಿರದ ಇಂಗ್ಲಿಷ್ ಶಾಲೆಯ ಗುಮಾಸ್ತರು ತಲೆ ಎತ್ತದೆ, "ಟಿ.ಸಿ. ತಂದ ಮೇಲೆ ಬನ್ನಿ" ಎಂದರು.

ಅಂಕಪಟ್ಟಿ ಮರೆತದ್ದು ತಪ್ಪಲ್ಲ. ಜೀವ ಕೈಯಲ್ಲಿ ಹಿಡಿದು ಹೊರಟವರಿಗೆ ಅದೆಲ್ಲ ನೆನಪಿರುತ್ತದೆಯೇ? ಗುಮಾಸ್ತರ ಮಾತೇ ಕಾನೂನು ಎಂದು ನಂಬಿ ಮೆಟ್ಟಿಲಿಳಿದೆನಲ್ಲ, ಅದು ತಪ್ಪು. ಮುಖ್ಯಾಧ್ಯಾಪಕರನ್ನು ಕಾಣಲಿಲ್ಲ. "ಆಗುವುದಿಲ್ಲ" ಎಂಬುದನ್ನು ಬರೆದುಕೊಡಿ ಎನ್ನಲಿಲ್ಲ. ಶಿಕ್ಷಣಾಧಿಕಾರಿಯ ಕಚೇರಿ ಎಲ್ಲಿದೆ ಎಂದು ವಿಚಾರಿಸಲೂ ಇಲ್ಲ. ಹತ್ತು ನಿಮಿಷ ನಡೆದರೆ ಪಾಲಿಕೆಯ ಕನ್ನಡ ಶಾಲೆಯಿತ್ತು. ಕುವೈತಿನಲ್ಲಿ ಓದಿದವಳನ್ನು ಅಲ್ಲಿ ಕೂರಿಸುವುದೇ ಎಂಬ ಜಂಬ ನನಗೆ. ಇನ್ನೆರಡು ವಾರದಲ್ಲಿ ಎಲ್ಲ ಸರಿಹೋಗುತ್ತದೆ ಎನ್ನುತ್ತ ರೇಡಿಯೋ ಮುಂದೆ ಕುಳಿತೆ. ಕುವೈತ್ ಬಿಡುಗಡೆಯಾದದ್ದು ಫೆಬ್ರವರಿಯ ಕೊನೆಗೆ.

ಅಷ್ಟರಲ್ಲಿ ಮಗಳು ಹೊಸ ನೋಟ್‌ಬುಕ್ಕುಗಳಿಗೆಲ್ಲ ಕಂದು ಕಾಗದದ ಬೈಂಡು ಹಾಕಿ ಲೇಬಲ್ ಅಂಟಿಸಿದ್ದಳು. ಹೆಸರು ಬರೆದಿದ್ದಳು, ತರಗತಿ 6 ಎಂದು ಬರೆದಿದ್ದಳು, ಶಾಲೆಯ ಜಾಗ ಖಾಲಿ. ಅದನ್ನು ತುಂಬಿದ್ದು 1991ರ ಜೂನಿನಲ್ಲಿ. 6 ಅನ್ನು ತಿದ್ದುವ ಪ್ರಮೇಯವೇ ಬರಲಿಲ್ಲ.

ಆಗ ಇಲ್ಲದ 2009ರ ಶಿಕ್ಷಣ ಹಕ್ಕು ಕಾಯ್ದೆ ಈಗ ಇದೆ. ಮಕ್ಕಳು 6ರಿಂದ 14 ವರ್ಷದೊಳಗಿದ್ದರೆ, ಟಿ.ಸಿ. ತಡವಾಯಿತೆಂದು ಸರ್ಕಾರಿ, ಅನುದಾನಿತ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ. 5ನೆಯ ಕಲಂ ತೋರಿಸಿ. ವಯಸ್ಸಿನ ದಾಖಲೆ ಇಲ್ಲ, ವರ್ಷದ ನಡುವೆ ಬಂದಿರಿ ಎಂಬ ನೆಪಗಳಿಗೆ 14 ಮತ್ತು 15ನೆಯ ಕಲಂಗಳಿವೆ. ಓದು ನಿಂತ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂದು 4ನೆಯದು ಹೇಳುತ್ತದೆ.

ಮನೆಪಾಠದ ಮಾತು ಬಿಡಿ. ಗುಂಡಿನ ಸದ್ದು ಕೇಳಿ ಬಂದ ಮಕ್ಕಳಿಗೆ ಲೆಕ್ಕಕ್ಕಿಂತ ಮೊದಲು ಬೆಂಚಿನಲ್ಲಿ ಪಕ್ಕಕ್ಕೊಬ್ಬ ಗೆಳೆಯ ಬೇಕು. ಮರಾಠಿ ಬಾರದೆಂಬ ಹೆದರಿಕೆಯೂ ಬೇಡ. ನನ್ನ ಮಗಳಿಗೆ ಮೂರು ತಿಂಗಳಲ್ಲಿ ಬಂತು, ನನಗೆ ಇಂದಿಗೂ ಬಂದಿಲ್ಲ.

ಪಾಸ್‌ಪೋರ್ಟಿನ ಪ್ರತಿ, ಬಿಳಿ ಹಾಳೆಯ ಅರ್ಜಿ ಹಿಡಿದು ನಾಳೆಯೇ ಪಾಲಿಕೆಯ ಶಾಲೆಗೆ ಹೋಗಿ. ಆಗದು ಎಂದರೆ ಅರ್ಜಿಯ ಮೇಲೆಯೇ ಅದನ್ನು ಬರೆಸಿ, ಮೊಹರು ಹಾಕಿಸಿಕೊಂಡು, ಅಲ್ಲಿಂದ ನೇರ ಶಿಕ್ಷಣಾಧಿಕಾರಿಯ ಕಚೇರಿಗೆ.