ಕರೆಂಟ್ ಹೋದ ಮೇಲೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ‘ಫಾರ್ಮ್ಯಾಟ್ ಮಾಡಿ’ ಅನ್ನುತ್ತಿದೆ, ಏನು ಮಾಡಲಿ?

ಫಾರ್ಮ್ಯಾಟ್ ಬಟನ್ ಮಾತ್ರ ಒತ್ತಬೇಡಿ, ಕ್ಯಾನ್ಸಲ್ ಕೊಡಿ. ಸೋಮವಾರಪೇಟೆಯಲ್ಲಿ ಮಳೆಗೆ ಕರೆಂಟ್ ಹೋದಾಗ ಫೈಲ್ ಕಾಪಿ ಆಗುತ್ತಿತ್ತು, ಈಗ 1 ಟಿಬಿ ಡಿಸ್ಕ್ ‘ರಾ’ ಅಂತ (ಅಂದರೆ ವಿಂಡೋಸ್‌ಗೆ ಅದರ ಫೈಲ್ ಜೋಡಣೆ ಗುರುತು ಸಿಗುತ್ತಿಲ್ಲ) ತೋರಿಸುತ್ತಿದೆ, ಕಾಫಿ ತೋಟದ ಲೆಕ್ಕವೆಲ್ಲ ಅದರಲ್ಲೇ ಇದೆ ಎಂದಿದ್ದೀರಿ. ನಿಮ್ಮ ಡಿಸ್ಕ್‌ನ ಫೈಲ್ ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಎಕ್ಸ್‌ಫ್ಯಾಟ್ ಆಗಿದ್ದರೆ, ಅದಕ್ಕೆ ಜರ್ನಲ್, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ, ಇಲ್ಲ. ಬರೆಯುತ್ತಿರುವಾಗ ಕರೆಂಟ್ ಕೈಕೊಟ್ಟರೆ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯೇ ಕೆಡುತ್ತದೆ. ಫೈಲ್‌ಗಳು ಬಹುಪಾಲು ಇದ್ದಲ್ಲೇ ಇರುತ್ತವೆ.

ಮೊದಲು ಕೇಬಲ್ ಬದಲಿಸಿ, ಡೆಸ್ಕ್‌ಟಾಪ್‌ನ ಹಿಂಭಾಗದ ಯುಎಸ್‌ಬಿ ಪೋರ್ಟ್‌ಗೆ ನೇರ ಹಾಕಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, 3.0 ಕೊಡುವುದು 900. ಡಿಸ್ಕ್ ತಿರುಗಲು ಶುರುವಾಗುವಾಗ ಅದಕ್ಕೆ ಹೆಚ್ಚು ಬೇಕು. ನಮ್ಮ ಕಡೆ ಮಳೆಗಾಲದ ತೇವಕ್ಕೆ ಕನೆಕ್ಟರ್ ಕಿಲುಬು ಹಿಡಿಯುವುದೂ ಇದೆ, ಟಾರ್ಚ್ ಬಿಟ್ಟು ನೋಡಿ. ಟಕ್ ಟಕ್ ಸದ್ದು ಬಂದರೆ ತಕ್ಷಣ ಕಿತ್ತು, ಡೇಟಾ ರಿಕವರಿ ಮಾಡುವವರಿಗೇ ಕೊಡಿ.

ಸದ್ದಿಲ್ಲದಿದ್ದರೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪ್ರೋಗ್ರಾಂನಲ್ಲಿ 05, ಸಿ5, ಸಿ6 ಸಾಲುಗಳ ‘ರಾ ವ್ಯಾಲ್ಯೂ’ (ಮೂಲ ಎಣಿಕೆ) ನೋಡಿ. ಇವು ಕೆಟ್ಟ ಅಥವಾ ಓದಲಾಗದ ಸೆಕ್ಟರ್‌ಗಳ, ಅಂದರೆ ಡಿಸ್ಕ್‌ನ ಪುಟ್ಟ ಭಾಗಗಳ, ಲೆಕ್ಕ. ಸೊನ್ನೆ ಇದ್ದರೆ ಕೆಟ್ಟಿರುವುದು ಫೈಲ್ ಸಿಸ್ಟಮ್ ಮಾತ್ರ ಎಂದು ಹಿಡಿದು ಮುಂದುವರಿಯಬಹುದು. ಸಿ5 ಏರುತ್ತಿದ್ದರೆ ಡಿಸ್ಕೇ ಸಾಯುತ್ತಿದೆ. ಆಗ ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಕೆಡುತ್ತಿರುವ ಡಿಸ್ಕ್ ನಕಲು ಮಾಡುವ ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ, ಅಷ್ಟೇ ಅಥವಾ ಹೆಚ್ಚು ಜಾಗದ ಖಾಲಿ ಡಿಸ್ಕ್‌ಗೆ ಪೂರ್ತಿ ನಕಲು ತೆಗೆಯಿರಿ. ಎಲ್ಲಿಯವರೆಗೆ ನಕಲಾಯಿತು ಎಂದು ಅದು ಬರೆದಿಡುವ ಮ್ಯಾಪ್ ಫೈಲನ್ನು ಬೇರೆ ಪೆನ್‌ಡ್ರೈವ್‌ನಲ್ಲಿಡಿ. ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಮುಂದಿನ ಕೆಲಸವೆಲ್ಲ ನಕಲಿನ ಮೇಲೆ.

ಫೈಲ್ ಹೊರತೆಗೆಯಲು ಟೆಸ್ಟ್‌ಡಿಸ್ಕ್ ಎಂಬ ಪ್ರೋಗ್ರಾಂ ಸಾಕು. ಅನಲೈಸ್, ಕ್ವಿಕ್ ಸರ್ಚ್ ಕೊಟ್ಟು, ಸಿಕ್ಕ ಪಾರ್ಟಿಷನ್ (ಡಿಸ್ಕ್‌ನ ವಿಭಾಗ) ಮೇಲೆ ‘ಪಿ’ ಒತ್ತಿ. ಫೋಲ್ಡರ್‌ಗಳು ಕಂಡರೆ ‘ಎ’ ಒತ್ತಿ ಎಲ್ಲ ಆರಿಸಿ, ದೊಡ್ಡಕ್ಷರದ ‘ಸಿ’ ಒತ್ತಿ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಇಲ್ಲಿ ಡಿಸ್ಕ್ ಮೇಲೆಯೇ ಬರೆಯುವ ‘ರೈಟ್’ ಆಯ್ಕೆ ಬೇಡವೇ ಬೇಡ. ಪಟ್ಟಿಯೇ ಬರದಿದ್ದರೆ ಫೈಲ್‌ಗಳನ್ನು ನೇರವಾಗಿ ಹುಡುಕಿ ತೆಗೆಯುವ ಫೋಟೋರೆಕ್ ಇದೆ, ಆದರೆ ಅದರಲ್ಲಿ ಫೈಲ್‌ಗಳ ಹಳೆಯ ಹೆಸರು ಉಳಿಯುವುದಿಲ್ಲ.

ಅನೇಕರು ಮೊದಲೇ ಚೆಕ್‌ಡಿಸ್ಕ್ (ವಿಂಡೋಸ್‌ನ ಡಿಸ್ಕ್ ತಪಾಸಣೆ) ಓಡಿಸಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ‘ರಾ’ ಡಿಸ್ಕ್ ಮೇಲೆ ಅದು ಓಡುವುದೇ ಇಲ್ಲ. ಓಡಿದ ಕಡೆಯೂ ಅದರ ಗುರಿ ಫೈಲ್ ಸಿಸ್ಟಮ್ ಸರಿಹೊಂದಿಸುವುದು, ನಿಮ್ಮ ಲೆಕ್ಕ ಉಳಿಸುವುದಲ್ಲ. ಹೊಂದದ ಎಂಟ್ರಿಗಳನ್ನು ಕಿತ್ತು ಹೆಸರಿಲ್ಲದ ತುಣುಕುಗಳಾಗಿ ಬಿಸಾಡಬಹುದು.

ಕಾಪಿ ಮಾಡಿದ ಫೈಲ್‌ಗಳಲ್ಲಿ ನಾಲ್ಕಾರು ತೆರೆದು ನೋಡಿ, ಆಮೇಲೆ ಹಳೆಯ ಡಿಸ್ಕನ್ನು ಜರ್ನಲ್ ಇರುವ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ‘ಕ್ವಿಕ್ ಫಾರ್ಮ್ಯಾಟ್’ ಟಿಕ್ ತೆಗೆಯಿರಿ, ಗಂಟೆಗಟ್ಟಲೆ ಹಿಡಿದರೂ ಕೆಟ್ಟ ಸೆಕ್ಟರ್ ಇದ್ದರೆ ಅಲ್ಲೇ ಬಯಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ಡೆಸ್ಕ್‌ಟಾಪ್‌ಗೆ ಒಂದು ಯುಪಿಎಸ್ ಇರಲಿ.