ಹಳೆಯ ಯುರೋಪಿನ ಮುದ್ರಣಚಿತ್ರಗಳಲ್ಲಿ ಪಂಚೇಂದ್ರಿಯಗಳನ್ನು ಸೂಚಿಸುವ ಸ್ತ್ರೀಯರ ಪಕ್ಕದಲ್ಲಿ ಪ್ರಾಣಿಗಳು ಏಕಿರುತ್ತವೆ?

ಆಯಾ ಇಂದ್ರಿಯದಲ್ಲಿ ಮನುಷ್ಯನನ್ನು ಮೀರಿಸುತ್ತದೆಂದು ನಂಬಲಾದ ಪ್ರಾಣಿಯೇ ಆ ಇಂದ್ರಿಯದ ಗುರುತಾಗಿ ಚಿತ್ರದಲ್ಲಿ ನಿಲ್ಲುತ್ತದೆ. ಕೇಳುವುದರಲ್ಲಿ ಕಾಡುಹಂದಿ, ನೋಡುವುದರಲ್ಲಿ ಲಿಂಕ್ಸ್ ಎಂಬ ಕಾಡುಬೆಕ್ಕು, ರುಚಿಯಲ್ಲಿ ಕೋತಿ, ವಾಸನೆಯಲ್ಲಿ ರಣಹದ್ದು, ಸ್ಪರ್ಶದಲ್ಲಿ ಜೇಡ ನಮಗಿಂತ ಮೇಲು ಎಂಬ ಮಾತು 13ನೇ ಶತಮಾನದ ಲ್ಯಾಟಿನ್ ಪ್ರಕೃತಿಗ್ರಂಥಗಳಲ್ಲೇ ಇತ್ತು. ನ್ಯೂರೆಂಬರ್ಗಿನ ಗೆಯೋರ್ಗ್ ಪೆಂಟ್ಸ್ 1540ರ ದಶಕದಲ್ಲಿ ತಾಮ್ರದ ತಗಡಿನಲ್ಲಿ ಕೊರೆದ ಪುಟ್ಟ ಸರಣಿ ಇದೇ ಐದನ್ನು ಅನುಸರಿಸುತ್ತದೆ. ಬಲೆಯ ಎಳೆಯೊಂದು ಅಲುಗಿದರೂ ಅರಿಯುವ ಜೇಡವನ್ನು ಸ್ಪರ್ಶಕ್ಕೆ ಆರಿಸಿದ್ದು ಎಷ್ಟು ಸೂಕ್ಷ್ಮವಾದ ಗಮನಿಕೆ!

ಆದರೆ ಈ ಜೋಡಣೆ ಸ್ಥಿರವಾಗಿ ಉಳಿಯಲಿಲ್ಲ. ಫ್ರಾನ್ಸ್ ಫ್ಲೋರಿಸ್ ಎಂಬ ಚಿತ್ರಕಾರ ರಚಿಸಿದ ವಿನ್ಯಾಸಗಳನ್ನು ಕಾರ್ನೆಲಿಸ್ ಕಾರ್ಟ್ ಕೊರೆದು, 1561ರಲ್ಲಿ ಆಂಟ್‌ವರ್ಪಿನಲ್ಲಿ ಪ್ರಕಟವಾದ ಸರಣಿಯಲ್ಲಿ ದೃಷ್ಟಿಗೆ ಕನ್ನಡಿ ಮತ್ತು ಗರುಡ, ಶ್ರವಣಕ್ಕೆ ಲ್ಯೂಟ್ ವಾದ್ಯ ಮತ್ತು ಜಿಂಕೆ, ಘ್ರಾಣಕ್ಕೆ ಹೂಗಳು ಮತ್ತು ನಾಯಿ ಬಂದವು. ರುಚಿಗೆ ಹಣ್ಣಿನೊಂದಿಗೆ ಕೋತಿಯೇ ಉಳಿಯಿತು. ಸ್ಪರ್ಶದ ಸ್ತ್ರೀಯ ಕೈಯನ್ನು ಮಾತ್ರ ಹಕ್ಕಿಯೊಂದು ಕಚ್ಚುತ್ತಿರುತ್ತದೆ, ಬಳಿಯಲ್ಲಿ ಆಮೆಯಿದೆ. ನೋವಿನ ಮೂಲಕ ಸ್ಪರ್ಶವನ್ನು ಹೇಳಿದ ಈ ಚಿತ್ರವೇ ನನ್ನ ದೃಷ್ಟಿಯಲ್ಲಿ ಸರಣಿಯ ಅತ್ಯಂತ ಆಳವಾದ ಕಲ್ಪನೆ.

ಲ್ಯಾಟಿನ್ನಿನಲ್ಲಿ ಐದು ಇಂದ್ರಿಯಗಳ ಹೆಸರುಗಳೂ ಪುಲ್ಲಿಂಗ ಎಂಬುದು ಇಲ್ಲಿ ಗಮನಾರ್ಹ: ಸ್ತ್ರೀರೂಪವು ವ್ಯಾಕರಣದಿಂದ ಬಂದದ್ದಲ್ಲ, ಅಮೂರ್ತ ಗುಣಗಳನ್ನು ಸ್ತ್ರೀಯರಾಗಿ ಚಿತ್ರಿಸುವ ಹಳೆಯ ರೂಢಿಯಿಂದ ಬಂದದ್ದು. ಮುಂದೆ 1630ರ ದಶಕದಲ್ಲಿ ಪ್ಯಾರಿಸಿನ ಮುದ್ರಣಚಿತ್ರಕಾರ ಅಬ್ರಹಾಂ ಬಾಸ್ ಆ ಒಂಟಿ ಸ್ತ್ರೀಯನ್ನು ಬಿಟ್ಟು, ಸಿರಿವಂತರ ಮನೆಯ ಊಟ, ಸಂಗೀತಗಳಂಥ ನಿತ್ಯದ ದೃಶ್ಯಗಳಲ್ಲೇ ಇಂದ್ರಿಯಗಳನ್ನು ತೋರಿಸಿದನು.